ದೋಣಿಯ ಒಳಬಣ್ಣ

ಎಡಗಣ್ಣು ಮುಚ್ಚಿದರೆ ಹಲಗೆ ಬೂದಿಯ ಬಣ್ಣ. ಬಲಗಣ್ಣು ಮುಚ್ಚಿದರೆ ಅದೇ ಹಲಗೆ ಹಳೆಯ ತುಪ್ಪದ ಬಣ್ಣ. ಹೊನ್ನಾಚಾರಿ ದೋಣಿಯ ಒಳಗೆ ಮಂಡಿಯೂರಿ ಕುಳಿತು ಬೆಳಗಿನಿಂದ ಇದನ್ನೇ ಮಾಡುತ್ತಿದ್ದ. ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡುವುದು, ಕೈ ಬದಲಿಸಿ ಮತ್ತೆ ನೋಡುವುದು. ಬಲಗಣ್ಣಿನ ಪೊರೆ ತೆಗೆಸಿ ಏಳು ವಾರವಾಗಿತ್ತು. ಎಡಗಣ್ಣಿನದನ್ನು ಮಳೆಗಾಲ ಕಳೆದ ಮೇಲೆ ತೆಗೆಯೋಣ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಅವನ ಒಂದೇ ಮುಖದಲ್ಲಿ ಇಬ್ಬರು ಸಾಕ್ಷಿದಾರರು ಕೂತಂತಿತ್ತು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪುತ್ತಿರಲಿಲ್ಲ. ಎರಡೂ ಕಣ್ಣು ತೆರೆದಾಗ ಮಾತ್ರ ಅವರ ಜಗಳ ನಿಂತು, ಹಲಗೆ ಎರಡೂ ಅಲ್ಲದ ಯಾವುದೋ ಬಣ್ಣಕ್ಕೆ ಜಾರಿ, ಇದ್ದ ಜಾಗ ಬಿಟ್ಟು ಸ್ವಲ್ಪ ತೇಲಿದ ಹಾಗೆ ಕಾಣುತ್ತಿತ್ತು. ದೋಣಿಯೇನೋ ನೆಲದ ಮೇಲೇ ಇತ್ತು. ಬೇಸಿಗೆಗೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಹಿಂದಕ್ಕೆ ಸರಿದು, ಅದು ಬಿಟ್ಟುಹೋದ ಕಪ್ಪು ಮಣ್ಣಿನ ಮೇಲೆ ಆರು ದಿಮ್ಮಿಗಳನ್ನು ಹಾಕಿ ದೋಣಿಯನ್ನು ಎತ್ತಿ ಕೂರಿಸಿದ್ದರು. ಆದರೂ ಒಳಗೆ ಕೂತವನಿಗೆ ಅದು ಮೆಲ್ಲಗೆ ಅಲುಗುತ್ತಿದೆ ಎನಿಸುತ್ತಿತ್ತು. ಆಚೆಯ ನೀರಿನ ಮೇಲೆ ಬಿದ್ದ ಬಿಸಿಲು ದೋಣಿಯ ತೆರೆದ ಬಾಯಿಂದ ಒಳಗೆ ಬಂದು, ತಲೆಯ ಮೇಲಿನ ಚಾವಣಿಯಲ್ಲಿ ಯಾರೋ ಬಲೆ ಬೀಸಿ ಎಳೆಯುತ್ತಿರುವ ಹಾಗೆ ಆಡುತ್ತಿತ್ತು. ಏಳು ವಾರದ ಹಿಂದೆ ಇಂಥದ್ದು ಅವನಿಗೆ ಕಾಣುತ್ತಿರಲಿಲ್ಲ. ಬೆಳಕಿಗೆ ಅಂಚು ಇರುತ್ತದೆ ಎನ್ನುವುದನ್ನೇ ಅವನು ಮರೆತಿದ್ದ.

ಕುಳ್ಳಯ್ಯನ ದೋಣಿ ಅದು. ಕೆ.ಆರ್. ಪೇಟೆ ತಾಲ್ಲೂಕಿನ ಈ ಊರಿನಿಂದ ಹಿನ್ನೀರಿನ ಆಚೆ ದಡದ ಹೊಲಗಳಿಗೆ ಹೆಂಗಸರನ್ನು ಬೆಳಿಗ್ಗೆ ದಾಟಿಸಿ ಸಂಜೆ ವಾಪಸು ಕರೆತರುವುದು ಅವನ ಕೆಲಸ. ಕರಾವಳಿಯ ಕಡೆ ಯಾರೋ ಮಾರಿದ್ದನ್ನು ಲಾರಿಯ ಮೇಲೆ ಹಾಕಿಸಿಕೊಂಡು ಬಂದಿದ್ದ. ನಡುವೆ ಮರದ ಚಾವಣಿ, ಎರಡು ಪಕ್ಕಕ್ಕೂ ಹಲಗೆಯ ಗೋಡೆ, ಅಂಗೈಯಗಲದ ನಾಲ್ಕು ಕಿಟಕಿ. ಹತ್ತು ಜನ ಒಳಗೆ ಕೂರಬಹುದು. ಆದರೆ ಒಳಗೆಲ್ಲ ಟಾರು ಬಳಿದಿದ್ದರಿಂದ ಹಗಲಲ್ಲೂ ಕತ್ತಲು. "ಒಳೀಕ್ ಬಂದ್ರೆ ಸುರಂಗದಲ್ಲಿ ಕೂತಂಗಾಯ್ತದೆ ಅಂತಾರೆ ಆಚಾರ್ರೇ ಎಂಗಸ್ರು. ಅಲೆ ಎದ್ರೆ ದೇವ್ರ ಎಸ್ರು ಕೂಗ್ತಾ ಕಣ್ ಮುಚ್ಕಂಡ್ ಕೂತ್ಕತಾರೆ" ಎಂದು ಕುಳ್ಳಯ್ಯ ಮೊದಲ ದಿನವೇ ಹೇಳಿದ್ದ. ಅವನಿಗೆ ಬೇಕಾದ ಬಣ್ಣವನ್ನೂ ಹೇಳಿದ್ದ. ಸಸಿಗೆಂದು ಭತ್ತದ ಒಟ್ಲು ಹಾಕಿ ಹದಿನೈದು ದಿನಕ್ಕೆ ಒಂದು ಹಸಿರು ಬರುತ್ತದಲ್ಲ, ಅದು. ಆದರೆ ಅಷ್ಟು ಗಾಢ ಬೇಡ, ಹಾಲು ಬೆರೆಸಿದ ಹಾಗಿರಬೇಕು. ಬಣ್ಣವನ್ನು ಹೀಗೆ ಹೇಳುವ ಗಿರಾಕಿ ಸಿಕ್ಕಿ ಎಷ್ಟು ವರ್ಷವಾಗಿತ್ತೋ. ಹೊನ್ನಾಚಾರಿ ಅಲ್ಲೇ ಒಪ್ಪಿಕೊಂಡುಬಿಟ್ಟಿದ್ದ. ಕಣ್ಣಿನ ವಿಷಯ ಮಾತ್ರ ಹೇಳಿರಲಿಲ್ಲ. ಕಪ್ಪು ಕನ್ನಡಕ ಯಾಕೆ ಎಂದು ಕುಳ್ಳಯ್ಯ ಕೇಳಿದಾಗ "ಬಿಸಿಲಿಗೆ" ಎಂದಿದ್ದ.

ಒಳಗಿನ ಬಣ್ಣವೆಂದರೆ ಹೊರಗಿನದಕ್ಕಿಂತ ಹೆಚ್ಚು ಯೋಚನೆಯ ಕೆಲಸ ಎಂದು ಅವನಿಗೆ ಈ ಹದಿನೈದು ದಿನಗಳಲ್ಲಿ ತಿಳಿದಿತ್ತು. ಬಾಗಿಲು, ಕಿಟಕಿ, ತೊಟ್ಟಿಲು, ದೇವರ ಮಂಟಪ ಎಲ್ಲಕ್ಕೂ ಬಣ್ಣ ಹಚ್ಚಿದ್ದವನು ದೋಣಿಗೆ ಹಚ್ಚಿರಲಿಲ್ಲ. ಟಾರಿನ ಮೇಲೆ ತಿಳಿಬಣ್ಣ ಬಳಿದರೆ ತಿಂಗಳೊಳಗೆ ಕಂದು ಕಲೆ ಮೇಲೆದ್ದು ಬರುತ್ತದೆ. ಅದಕ್ಕೇ ಒಂಬತ್ತು ದಿನ ಉಳಿ ಬಿಸಿ ಮಾಡಿ ಮಾಡಿ ಟಾರು ಹೆರೆದಿದ್ದ, ಮರಳು ಕಾಗದದಲ್ಲಿ ಉಜ್ಜಿದ್ದ, ಕಣ್ಣಿಗೆ ಧೂಳು ಬೀಳದಂತೆ ಮುಖಕ್ಕೆಲ್ಲ ಟವಲು ಸುತ್ತಿಕೊಂಡು. ಉಳಿದ ಕಲೆಯ ಬಾಯಿ ಮುಚ್ಚಲು ಅರಗಿನ ಪಾಲಿಶು ಎರಡು ಸಲ. ಹೊಳಪಿನ ಬಣ್ಣ ಕೂಡದು, ನೀರಿನ ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತದೆ. ಕಾಲಡಿಯ ಹಲಗೆಗೆ ಬೂದು ಬಣ್ಣ, ಅದು ಹಸಿ ಇರುವಾಗಲೇ ಮೇಲೆ ಸೋಸಿದ ಮರಳು ಉದುರಿಸಬೇಕು, ಒದ್ದೆ ಕಾಲು ಜಾರಬಾರದು. ತಿಳಿಬಣ್ಣ ಎಂದಾಗ ಕುಳ್ಳಯ್ಯ ಅನುಮಾನದಿಂದ ತಲೆ ಕೆರೆದುಕೊಂಡಿದ್ದ.

"ಕೊಳೆ ಕಾಣಾಕಿಲ್ವಾ ಆಚಾರ್ರೇ?"

"ಕಾಣ್ಲಿ ಅಂತ್ಲೇ ಬಳಿಯೋದು ಕುಳ್ಳಯ್ಯ. ಕೊಳೆ ಕಂಡ್ರೆ ಒರೆಸ್ತೀಯ. ಹಲಗೆ ಸಂದೀಲಿ ನೀರು ಒಸರಿದ್ರೆ ತಿಳಿಬಣ್ಣದ ಮೇಲೆ ಗೆರೆ ಎದ್ದು ಕಾಣ್ತದೆ. ಈ ಟಾರಿನ ಮೇಲೆ ಕಂಡಾತಾ? ಕಾಲ್ಗೆ ನೀರು ತಗಲಿದ್ ಮೇಲೇ ಗೊತ್ತಾಗೋದು."

"ಅದೂ ದಿಟವೇ" ಎಂದು ಕುಳ್ಳಯ್ಯ ದೋಣಿಯ ಅಡಿಯನ್ನು ಹೊಸದಾಗಿ ನೋಡುವವನಂತೆ ನೋಡಿದ್ದ. ಇಷ್ಟೆಲ್ಲ ಗೊತ್ತಿದ್ದೂ, ಗೊತ್ತಿದ್ದುದನ್ನು ಇಷ್ಟು ಚೆನ್ನಾಗಿ ಹೇಳಬಲ್ಲವನಾಗಿಯೂ, ಬಣ್ಣ ಕಲಸುವ ದಿನ ಬಂದಾಗ ಹೊನ್ನಾಚಾರಿಗೆ ಕೈ ಬರಲಿಲ್ಲ. ಡಬ್ಬಿ ಮುಂದಿಟ್ಟುಕೊಂಡು ಹೀಗೆ ಕಣ್ಣುಮುಚ್ಚಾಲೆ ಆಡುತ್ತ ಕೂತಿದ್ದ.

ಡಬ್ಬಿ ತಂದದ್ದು ಶ್ರೀರಂಗಪಟ್ಟಣದಲ್ಲಿ, ಹೆದ್ದಾರಿಯ ಪಕ್ಕದ ದಿಲೀಪನ ಅಂಗಡಿಯಿಂದ. ದಿಲೀಪ ಒಳ್ಳೆಯ ಹುಡುಗ, ಅವನ ಅಪ್ಪನ ಕಾಲದಿಂದಲೂ ಪರಿಚಯ. ಅಂಗಡಿಯಲ್ಲಿ ಈಗ ಬಣ್ಣ ಕಲಸುವ ಯಂತ್ರ ಬಂದಿದೆ. ಬಣ್ಣದ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು, ಡಬ್ಬಿಗೆ ಸೂಜಿಯಷ್ಟು ಸಣ್ಣ ಧಾರೆಯಲ್ಲಿ ಬಣ್ಣಗಳು ಇಳಿದು, ಯಂತ್ರ ಗಡಗಡ ನಡುಗಿ, ಎರಡು ನಿಮಿಷಕ್ಕೆ ಕೈಗೆ ಬರುತ್ತದೆ. "ನಂಬರ್ ಹೇಳ್ಬುಡಿ ಆಚಾರ್ರೇ. ಈ ವಯಸ್ನಲ್ಲಿ ಕಣ್ಣಿಗ್ಯಾಕೆ ತ್ರಾಸ ಕೊಡ್ತೀರಿ" ಎಂದಿದ್ದ ದಿಲೀಪ, ನಿಜವಾದ ಅಕ್ಕರೆಯಿಂದಲೇ. ಹೊಸ ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ ಪಕ್ಕದಲ್ಲಿ ನಿಂತಿದ್ದರು. ಅವರಿಬ್ಬರೂ ತನ್ನ ಕಪ್ಪು ಕನ್ನಡಕವನ್ನು ನೋಡಿದರು ಎಂದು ಹೊನ್ನಾಚಾರಿಗೆ ಅನ್ನಿಸಿತು. ನೋಡಿರಲಿಲ್ಲವೋ ಏನೋ. "ಬಿಳೀದು ಕೊಡಪ್ಪ, ಹೊಳಪಿಲ್ಲದ್ದು. ಹಳದಿ ಒಂದು, ನೀಲಿ ಒಂದು, ಕಲ್ಸೋಕೆ. ಕಲ್ಸೋದು ನಂಗೊತ್ತದೆ" ಎಂದು ಬೇಕಾದ್ದಕ್ಕಿಂತ ಜೋರಾಗಿ ಹೇಳಿದ್ದ. ಹೇಳಿದ ಮೇಲೆ ಆ ದನಿ ಎಲ್ಲೋ ಕೇಳಿದ್ದು ಅನ್ನಿಸಿತ್ತು. ಎಲ್ಲಿ ಎಂದು ಆಗ ಹೊಳೆದಿರಲಿಲ್ಲ. ಈಗ ಉಳಿಯ ಮೊನೆಯಿಂದ ಡಬ್ಬಿಯ ಮುಚ್ಚಳ ಎತ್ತಿದಾಗ, ಎಣ್ಣೆಯ ವಾಸನೆ ದೋಣಿಯ ಚಾವಣಿಗೆ ತಾಗಿ ಕೆಳಗಿಳಿದಾಗ, ಹೊಳೆಯಿತು. ಪಾಂಡವಪುರದಲ್ಲಿ, ಶಿವಲಿಂಗಯ್ಯ ಮೇಷ್ಟ್ರ ಮನೆಯ ಜಗಲಿಯಲ್ಲಿ, ನಾಲ್ಕು ವರ್ಷದ ಹಿಂದೆ.

ಅವತ್ತೂ ತಿಳಿ ಹಸಿರೇ. ಹದಿನಾಲ್ಕು ಬಾಗಿಲು, ಮೇಷ್ಟ್ರ ಮಗಳ ಮದುವೆಗೆ ಇನ್ನು ಇಪ್ಪತ್ತು ದಿನ. ಜೊತೆಗೆ ಹೆಂಡತಿಯ ತಮ್ಮ ಲಕ್ಷ್ಮಣ ಇದ್ದ, ಹದಿನೆಂಟು ವರ್ಷದಿಂದ ಇದ್ದ ಹಾಗೆ. ಬಣ್ಣ ಕಲಸುತ್ತಿದ್ದಾಗ ಲಕ್ಷ್ಮಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಭಾವ, ಇದು ನೀಲಿಗೆ ಹೋಗ್ಬುಟ್ಟದೆ" ಎಂದ. ಹೊನ್ನಾಚಾರಿಗೆ ಹಸಿರೇ ಕಾಣುತ್ತಿತ್ತು. ಇನ್ನೂ ಸ್ವಲ್ಪ ಹಳದಿಯೇ ಜಾಸ್ತಿ ಎನಿಸಿ ಮತ್ತೆರಡು ಹನಿ ನೀಲಿ ಬಿಟ್ಟ. "ಕಣ್ಣು ತೊಳ್ಕಂಡ್ ಬಾ ಹೋಗ್ಲಾ. ಕಲ್ಸೋದು ನಂಗೊತ್ತದೆ" ಎಂದ. ಲಕ್ಷ್ಮಣ ಎದ್ದು ಹೋದ. ಮೂರನೆಯ ದಿನ ಎಲ್ಲ ಬಾಗಿಲೂ ಒಣಗಿದ ಮೇಲೆ ಮೇಷ್ಟ್ರ ಮನೆಯವರೆಲ್ಲ ಜಗಲಿಗೆ ಬಂದು ನಿಂತರು. "ಇದೇನ್ರೀ ಆಚಾರ್ರೇ, ಹಸಿರು ಅಂದ್ರೆ ನೀಲಿ ಬಳಿದಿದ್ದೀರಿ? ಯಾರ್ರೀ ಕಲಸಿದ್ದು ಇದನ್ನ?" ಎಂದು ಮೇಷ್ಟ್ರು ಕೇಳಿದರು. ಆಗ ಹೊನ್ನಾಚಾರಿಯ ಬಾಯಿ, ಅವನಿಗಿಂತ ಮುಂದೆ ಹೋಗಿ, "ಇವ್ನು" ಎಂದಿತು. ಕೈ ಕೂಡ ಎತ್ತಿ ತೋರಿಸಿತು. ಲಕ್ಷ್ಮಣ ಕಂಬದ ಹತ್ತಿರ ಬ್ರಷ್ಷು ಒರೆಸುತ್ತ ನಿಂತಿದ್ದ. ಎಂಟು ದಿನ ಕೂತು ಹದಿನಾಲ್ಕು ಬಾಗಿಲನ್ನೂ ಉಜ್ಜಿ, ತಾನೇ ಕಲಸಿ, ತಾನೇ ಬಳಿದು, ಒಂಬತ್ತನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಮನೆಗೂ ಬರಲಿಲ್ಲ. ಹೊನ್ನಾಚಾರಿ ಕಾಲಕ್ರಮದಲ್ಲಿ ಇದಕ್ಕೊಂದು ರೂಪ ಕೊಟ್ಟುಕೊಂಡಿದ್ದ. ಲಕ್ಷ್ಮಣನಿಗೆ ಅವಸರ, ಅವನೇ ಎಲ್ಲೋ ಡಬ್ಬಿ ಬದಲಾಯಿಸಿರಬೇಕು, ಮೇಷ್ಟ್ರ ಮನೆಯ ಜಗಲಿಗೆ ಬೆಳಕು ಸಾಲದು. ವರ್ಷ ಕಳೆದ ಹಾಗೆ ಆ ರೂಪ ಗಟ್ಟಿಯಾಗಿತ್ತು. ಮೇಲೆ ಕೈಯಾಡಿಸಿದರೆ ನುಣ್ಣಗಿತ್ತು.

ಬಿಳಿ ಬಣ್ಣವನ್ನು ಮೂರು ಚಿಪ್ಪಿಗೆ ಹಂಚಿಕೊಂಡ. ಬಲಗಣ್ಣಿಗೆ ಟವಲಿನ ತುದಿ ಕಟ್ಟಿಕೊಂಡು ಮೊದಲು ಎಡಗಣ್ಣಿನಿಂದ ಕಲಸಲು ಕೂತ. ಇದು ತನ್ನ ಹಳೆಯ ಕಣ್ಣು, ಇದರ ಹದ ಕೈಗೆ ಗೊತ್ತು. ಹಳದಿ ಬಿಟ್ಟ, ನೀಲಿ ಬಿಟ್ಟ, ಕಡ್ಡಿಯಿಂದ ತಿರುವಿದ. ಹಳದಿ ಜಾಸ್ತಿಯಾಗಿ ಕಂಡಿತು. ನೀಲಿ ಬಿಟ್ಟ. ಇನ್ನೂ ಒಂದು ಹನಿ. ಅಷ್ಟು ಹೊತ್ತಿಗೆ ಚಿಪ್ಪಿನಲ್ಲಿ ಒಟ್ಲು ಎದ್ದು ನಿಂತಿತ್ತು, ಹದಿನೈದು ದಿನದ ಒಟ್ಲು, ಹಾಲು ಬೆರೆಸಿದ ಹಾಗೆ. ಎದೆಯೊಳಗೆ ಹಳೆಯ ಸಮಾಧಾನ ಎದ್ದಿತು. ಚಿಕ್ಕಂದಿನಲ್ಲಿ ಅಪ್ಪ ಗಾಡಿಯ ಚಕ್ರಕ್ಕೆ ಬಣ್ಣ ಹಚ್ಚುವಾಗ ಎಲೆ ಕಿತ್ತು ತಂದು ಬಣ್ಣದ ಪಕ್ಕಕ್ಕಿಟ್ಟು, "ಎಲೆ ಬಣ್ಣದೊಳಗೆ ಮಾಯ ಆಗ್ಬೇಕು, ಅಲ್ಲೀಗಂಟ ಕಲಸ್ತಾ ಇರು" ಎನ್ನುತ್ತಿದ್ದ. ಎಲೆ ಮಾಯವಾಗುವ ಆ ಕ್ಷಣಕ್ಕೆ ಕಾಯುತ್ತ ಅವನು ಅನ್ನ ನೀರು ಮರೆಯುತ್ತಿದ್ದ. ಒಂದು ಕೈ ಬಣ್ಣ ಹಲಗೆಯ ತುಂಡಿನ ಮೇಲೆ ಎಳೆದು, ಟವಲು ಬಿಚ್ಚಿ, ಬಲಗಣ್ಣು ತೆರೆದ.

ನೀಲಿ.

ಹಸಿರಿಗೆ ಹತ್ತಿರದ ನೀಲಿಯೂ ಅಲ್ಲ. ಬಾಗಿಲು ಬಾಗಿಲಿಗೂ ಅವತ್ತು ಜಗಲಿಯಲ್ಲಿ ನಿಂತವರಿಗೆಲ್ಲ ಕಂಡ ಆ ನೀಲಿ. ಅವನು ಎಡಗಣ್ಣಿನಿಂದ ನೋಡಿದ, ಹಸಿರು. ಬಲಗಣ್ಣಿನಿಂದ ನೋಡಿದ, ನೀಲಿ. ಚಾವಣಿಯ ಮೇಲೆ ಬೆಳಕಿನ ಬಲೆ ಒಂದು ಸಲ ಪೂರ್ತಿ ಬಿಚ್ಚಿಕೊಂಡು ಮತ್ತೆ ಮುದುಡಿತು. "ಕುಳ್ಳಯ್ಯ" ಎಂದು ಕೂಗಿದ. ಹೊರಗೆ ಹಗ್ಗ ಹೊಸೆಯುತ್ತಿದ್ದ ಕುಳ್ಳಯ್ಯ ತಲೆ ಬಗ್ಗಿಸಿಕೊಂಡು ಒಳಗೆ ಬಂದ. "ಇದ್ಯಾವ ಬಣ್ಣ ನೋಡು" ಎಂದರೆ, ಎರಡನೆಯ ಸಲ ನೋಡುವ ಗೋಜಿಗೇ ಹೋಗದೆ, "ನೀಲಿ ಅಲ್ವಾ? ಯಾಕಾಚಾರ್ರೇ, ಒಟ್ಲು ಅಂದಿದ್ನಲ್ಲಾ ನಾನು" ಎಂದ. ಹೊನ್ನಾಚಾರಿ ನಕ್ಕ ಹಾಗೆ ಮಾಡಿ, ಸುಮ್ಮನೆ ಪರೀಕ್ಷೆ ಮಾಡಿದೆ ಎಂದ. ಆಮೇಲೆ ಬಲಗಣ್ಣಿನಿಂದ ಒಂದು, ಎರಡೂ ಕಣ್ಣು ತೆರೆದು ಒಂದು ಕಲಸಿ, ಇನ್ನೆರಡು ತುಂಡಿನ ಮೇಲೆ ಎಳೆದ. ಹೊಸ ಕಣ್ಣಿನದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಆ ಕಣ್ಣಿಗೆ ಲೋಕವೆಲ್ಲ ಈಗ ತಾನೇ ತೊಳೆದು ಹರವಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು, ಅದರ ಮಾತಿನಲ್ಲಿ ಎಷ್ಟು ನಂಬುವುದು? ಮೂರು ತುಂಡುಗಳನ್ನೂ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತ. ಎಷ್ಟು ಮನೆಗಳು, ಎಷ್ಟು ಬಾಗಿಲುಗಳು. ಹೇಳಲು ಸಂಕೋಚಪಟ್ಟು ಸುಮ್ಮನಾದವರೆಷ್ಟೋ. ಆದರೆ ಅದು ಅಷ್ಟು ನೋಯಿಸಲಿಲ್ಲ. ಪೊರೆ ಬಂದ ಕಣ್ಣಿಗೆ ಹಾಗೆ ಕಂಡಿತು, ಅದು ಕಣ್ಣಿನ ತಪ್ಪು, ಕಣ್ಣಿಗೆ ಶಸ್ತ್ರಕ್ರಿಯೆಯೂ ಆಯಿತು. ಕಲಸಿದವನು ಯಾರು ಎಂದು ಕೇಳಿದಾಗ "ಇವ್ನು" ಎಂದದ್ದು ಯಾವ ಪೊರೆ? ಅವತ್ತು ಕಡ್ಡಿ ಹಿಡಿದು ತಿರುವಿದ ಕೈ ಯಾರದೆಂದು ತಿಳಿಯಲು ಕಣ್ಣು ಬೇಕಿರಲಿಲ್ಲ.

ಸಂಜೆ ಗಂಜಾಮಿನ ಮನೆಯಲ್ಲಿ ಹೆಂಡತಿ ಜಯಲಕ್ಷ್ಮಮ್ಮ ಅವನ ತಲೆಯನ್ನು ಗೋಡೆಗೆ ಒರಗಿಸಿ ಕಣ್ಣಿಗೆ ಔಷಧಿ ಬಿಡುವಾಗ ಹೊನ್ನಾಚಾರಿ ಕೇಳಿದ: "ಲಕ್ಷ್ಮಣ ಬೆಳ್ಳೂರು ಕ್ರಾಸಲ್ಲೇ ಅವ್ನಾ?" ಹನಿ ಕಣ್ಣಿಗೆ ಬೀಳದೆ ಕೆನ್ನೆಗೆ ಬಿತ್ತು. ಅವಳು ಸೆರಗಿನಿಂದ ಒರೆಸಿದಳು. "ಅವ್ನೆ. ಲಾರಿಗಳ್ಗೆ ಬಣ್ಣ ಹೊಡೀತಾವ್ನೆ. ಕ್ರಾಸಿಂದ ಹಾಸನದ ಕಡೆ ಮೂರ್ನೇ ಶೆಡ್ಡು" ಎಂದಳು. ಶೆಡ್ಡಿನ ಲೆಕ್ಕ ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಯಾಕೆ ಎಂದು ಅವಳು ಕೇಳಲಿಲ್ಲ. ಮತ್ತೊಂದು ಹನಿ ಬಿಟ್ಟು, "ಕಣ್ ಮುಚ್ಕಂಡಿರಿ ಸ್ವಲ್ಪ ಹೊತ್ತು" ಎಂದಳಷ್ಟೆ. ಮುಚ್ಚಿದ ರೆಪ್ಪೆಯೊಳಗೆ ಎರಡೂ ಕಣ್ಣಿಗೆ ಒಂದೇ ಬಣ್ಣವಿತ್ತು.

ಮರುದಿನ ಮೂರು ತುಂಡುಗಳನ್ನು ಪತ್ರಿಕೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಕಿಟಕಿಯ ಆಚೆ ನಾಗಮಂಗಲದ ದಾರಿ, ಒಣ ಹೊಲ, ಹುಣಸೆ ಮರ, ಕಲ್ಲುಬಂಡೆ, ಮತ್ತೆ ಹುಣಸೆ ಮರ. ಎಡಗಣ್ಣಿಗೆ ಎಲ್ಲವೂ ಸಂಜೆಯ ಹಾಗೆ, ಬಲಗಣ್ಣಿಗೆ ಎಲ್ಲವೂ ಬೆಳಿಗ್ಗೆಯ ಹಾಗೆ. ಒಂದೇ ಸೀಟಿನಲ್ಲಿ ಕೂತು ಎರಡು ಹೊತ್ತುಗಳ ನಡುವೆ ಹೋಗುತ್ತಿದ್ದೇನೆ ಎನಿಸಿ ಸ್ವಲ್ಪ ತೂಕಡಿಸಿದ. ಏನು ಹೇಳಬೇಕೆಂದು ಬಸ್ಸು ಹತ್ತುವಾಗ ಯೋಚಿಸಿಟ್ಟುಕೊಂಡ ಮಾತು ಕ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಬಾಯಲ್ಲಿ ಇರಲಿಲ್ಲ.

ಮೂರನೆಯ ಶೆಡ್ಡಿನಲ್ಲಿ ಒಂದು ಲಾರಿಯ ತಲೆ ಬಿಚ್ಚಿ ನಿಲ್ಲಿಸಿದ್ದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಎಡಗೈಯಲ್ಲಿ ಬಣ್ಣ ಚಿಮ್ಮಿಸುವ ಗನ್ನು ಹಿಡಿದು ಕಿತ್ತಳೆ ಬಣ್ಣದ ಮಂಜಿನ ನಡುವೆ ನಿಂತಿದ್ದ. ಎಡಗೈ ನೋಡಿಯೇ ಗುರುತಾಯಿತು. ಶೆಡ್ಡಿನ ಯಜಮಾನ "ಯಾರ್ ಬೇಕಿತ್ತು ಯಜಮಾನ್ರೇ?" ಎಂದು ಕೇಳಿದ. ಉತ್ತರ ಹುಡುಕುತ್ತಿರುವಾಗ ಮಂಜಿನ ಒಳಗಿನಿಂದ "ನಮ್ಮೋರೇ" ಎಂದು ಕೇಳಿಸಿತು. ಆಮೇಲೆ ಗನ್ನಿನ ಸದ್ದು ಮುಂದುವರಿಯಿತು. ಹೊನ್ನಾಚಾರಿ ಒಂದು ಹಳೆಯ ಟೈರಿನ ಮೇಲೆ ಕೂತ. ಬಣ್ಣದ ಕೈ ಅರ್ಧಕ್ಕೆ ಬಿಟ್ಟರೆ ಗೆರೆ ಬೀಳುತ್ತದೆ, ಮುಗಿಯುವ ತನಕ ಬರಲಾಗುವುದಿಲ್ಲ, ಇದು ಅವನೇ ಕಲಿಸಿದ ಪಾಠ. ಆದರೂ ಆ ಮುಕ್ಕಾಲು ಗಂಟೆ ತನ್ನನ್ನು ಬೇಕೆಂದೇ ಕಾಯಿಸುತ್ತಿದ್ದಾನೆ ಎನಿಸಿತು. ಕಾಯಿಸಲಿ ಎಂದೂ ಅನಿಸಿತು.

ಲಕ್ಷ್ಮಣ ಮುಖದ ಬಟ್ಟೆ ಬಿಚ್ಚಿಕೊಂಡು ಬಂದ. ಕೂದಲು ನೆರೆತಿತ್ತು. "ಅಕ್ಕ ಚೆನ್ನಾಗವ್ಳಾ?" ಎಂದ.

"ಅವ್ಳೆ."

"ಕಣ್ಣಿಂದು ಆಪ್ರೇಸನ್ ಆಯ್ತಂತೆ ನಿಮ್ಗೆ."

ಹದಿನೆಂಟು ವರ್ಷ 'ನೀನು' ಎಂದವನು. ಹೊನ್ನಾಚಾರಿ "ಒಂದು ಆಯ್ತು, ಇನ್ನೊಂದದೆ" ಎಂದು ಪತ್ರಿಕೆ ಬಿಚ್ಚಿ ತುಂಡುಗಳನ್ನು ಮುಂದೆ ಹಿಡಿದ. "ಒಂದ್ ದೋಣಿ ಒಳಿಕ್ಕೆ. ಒಟ್ಲು ಬಣ್ಣ ಬೇಕಂತೆ. ಯಾವ್ದು ಅಂತ ನೋಡು." ಲಕ್ಷ್ಮಣ ಬೇಡ ಎನ್ನಬಹುದಿತ್ತು. ಅವನು ತುಂಡುಗಳನ್ನು ಅಂಚಿನಲ್ಲಿ ಹಿಡಿದು ಬಿಸಿಲಿಗೆ ನಡೆದ, ನೋಡಿದ, ಶೆಡ್ಡಿನ ನೆರಳಿಗೆ ತಂದ, ಓರೆ ಮಾಡಿ ನೋಡಿದ. ಯಾವುದನ್ನು ಯಾವ ಕಣ್ಣು ಕಲಸಿತೆಂದು ಅವನಿಗೆ ಹೇಳಿರಲಿಲ್ಲ.

"ಇದು ನೀಲಿ. ಇದು ಎಲ್ಡೂ ಅಲ್ಲ. ಇದು ಹಸ್ರೇ, ಆದ್ರೆ ಸುಣ್ಣ ಕುಡ್ದಂಗದೆ, ಜೀವ ಇಲ್ಲ."

"ಲಕ್ಷ್ಮಣ" ಎಂದ ಹೊನ್ನಾಚಾರಿ. "ಅವತ್ತು ಮೇಷ್ಟ್ರ ಮನೇಲಿ ಬಣ್ಣ ಕಲ್ಸಿದ್ದು ನಾನು ಕಣ್ಲಾ."

ಲಕ್ಷ್ಮಣ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಪತ್ರಿಕೆಯಲ್ಲಿ ಸುತ್ತುತ್ತ, ಅವನ ಕಡೆ ನೋಡದೆ ಹೇಳಿದ: "ಅದನ್ನ ನಂಗ್ಯಾಕೇಳ್ತೀರಿ ಭಾವ? ಕಲಸುವಾಗ ಪಕ್ದಲ್ಲೇ ಕೂತಿದ್ದೆ ನಾನು. ಹೇಳಂಗಿದ್ರೆ ಮೇಷ್ಟ್ರಿಗೆ ಹೇಳಿ. ಅವತ್ತು ಮನೆಯೋರೆಲ್ಲ ಸಾಲಾಗಿ ನಿಂತಿದ್ರು. ಮದ್ವೆ ಆಗೋ ಹೆಣ್ಣು ನನ್ ಮುಖ ನೋಡ್ತು, ಇವ್ನು ನಮ್ಮನೆ ಶುಭಕಾರ್ಯ ಕೆಡಿಸ್ದ ಅನ್ನೋ ಥರ. ನಂಗೆ ಇವತ್ತಿಗೂ ಬಾಗಿಲಿಗೆ ಬಣ್ಣ ಹಚ್ಚಾಕೆ ಮನಸ್ಸು ಬರಾಕಿಲ್ಲ. ಲಾರಿ ಆದ್ರೆ ವಾಸಿ. ಹೊಂಟೋಯ್ತದೆ." ಆಗ ಲಾರಿಯವನು ಕೂಗಿದ. ಲಕ್ಷ್ಮಣ ಪೊಟ್ಟಣವನ್ನು ಟೈರಿನ ಮೇಲಿಟ್ಟು ಬಟ್ಟೆ ಕಟ್ಟಿಕೊಂಡು ಕಿತ್ತಳೆ ಮಂಜಿನೊಳಕ್ಕೆ ಹೋದ.

ಹೊನ್ನಾಚಾರಿ ಮನೆಗೆ ಹೋಗುವ ಬಸ್ಸು ಹತ್ತಿದ್ದ. ಪಾಂಡವಪುರ ಬಂದಾಗ ಇಳಿದುಬಿಟ್ಟ. ಇಳಿಯಬೇಕೆಂದು ನಿರ್ಧಾರ ಮಾಡಿದ್ದು ನೆನಪಿರಲಿಲ್ಲ, ಕಾಲೇ ಇಳಿದಿತ್ತು. ಮಧ್ಯಾಹ್ನದ ಬೀದಿಯಲ್ಲಿ ಜನವಿರಲಿಲ್ಲ. ಮೇಷ್ಟ್ರ ಮನೆಯ ಜಗಲಿಗೆ ಈಗ ಕಬ್ಬಿಣದ ಗ್ರಿಲ್ಲು ಬಂದಿತ್ತು. ಮುಂಬಾಗಿಲು ಹಸಿರೂ ಅಲ್ಲ, ನೀಲಿಯೂ ಅಲ್ಲ, ತೇಗದ ಗೆರೆಯನ್ನು ಅಚ್ಚುಹಾಕಿದ ಹೊಳೆಯುವ ಕಂದು ಹಲಗೆ. ಅದನ್ನು ನೋಡಿ ಹೊನ್ನಾಚಾರಿಗೆ ತಪ್ಪು ಮನೆಗೆ ಬಂದೆನೇ ಎನಿಸಿ ಒಂದು ಕ್ಷಣ ಬಿಡುಗಡೆಯಾದಂತಾಯಿತು. ಅಷ್ಟರಲ್ಲಿ ಶಿವಲಿಂಗಯ್ಯ ಮೇಷ್ಟ್ರೇ ಬಂದು ಕದ ತೆರೆದರು. ಬಹಳ ಮುಪ್ಪಾಗಿದ್ದರು. "ಈಗೇನೂ ಕೆಲಸ ಇಲ್ಲವಲ್ಲ" ಎಂದರು. ಕೆಲಸ ಕೇಳಿಕೊಂಡು ಬಂದವನಲ್ಲ ಎಂದು ಹೇಳುವುದರಲ್ಲೇ ಅವನ ಅರ್ಧ ಧೈರ್ಯ ಮುಗಿಯಿತು. ಉಳಿದರ್ಧದಲ್ಲಿ, ಗ್ರಿಲ್ಲಿನ ಒಳಗೆ ಕುರ್ಚಿಯ ತುದಿಯಲ್ಲಿ ಕೂತು, ಹೇಳಿದ. ನಾಲ್ಕು ವರ್ಷದ ಹಿಂದೆ ಬಾಗಿಲಿನ ಬಣ್ಣ ಕೆಟ್ಟದ್ದು ತನ್ನಿಂದ, ಕಲಸಿದವನು ತಾನು, ಲಕ್ಷ್ಮಣ ಅಲ್ಲ. ಮೇಷ್ಟ್ರು ಶ್ರದ್ಧೆಯಿಂದ ಕೇಳಿಸಿಕೊಂಡರು.

"ಯಾವ ಬಾಗಿಲು? ನಮ್ಮದು ಯಾವಾಗಲೂ ಇದೇ ಬಾಗಿಲಲ್ಲವೇ?" ಎಂದರು. ಆಮೇಲೆ ಅವನ ಮುಖ ನೋಡಿ, ಪಾಪವೆನಿಸಿತೇನೋ, "ಆಗಲಿ ಬಿಡಿ, ಹೋಗಲಿ. ಲಕ್ಷ್ಮಣ ಅಂದರೆ ಯಾರು?"

ಹೊನ್ನಾಚಾರಿಗೆ ತನಗಾಗಿ ಏನೂ ಅನಿಸಲಿಲ್ಲ. ನಾಲ್ಕು ವರ್ಷ ಒಬ್ಬ ಮನುಷ್ಯ ಬಾಗಿಲು ಕಂಡರೆ ಮುಖ ತಿರುಗಿಸಿಕೊಂಡು ಬದುಕಿದ್ದ, ಯಾರ ಮುಂದೆ ಅವನ ಮರ್ಯಾದೆ ಹೋಯಿತೋ ಅವರಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಹಾಗಾದರೆ ಆ ಮರ್ಯಾದೆ ಎಲ್ಲಿ ಬಿದ್ದಿದೆ, ಎಲ್ಲಿಂದ ಎತ್ತಿಕೊಡುವುದು? "ಎತ್ತರದೋನು ಸ್ವಾಮಿ" ಎಂದ. "ಎಡಗೈಲಿ ಬ್ರಷ್ ಹಿಡಿಯೋನು. ನನ್ ಜೊತೆ ಇದ್ದ. ಕೆಲ್ಸದಲ್ಲಿ ನನಗಿಂತ ಒಂದ್ ಕೈ ಮೇಲು." ಈ ಮಾತನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ, ತನ್ನ ಮುಂದೆ ಕೂಡ. ಮೇಷ್ಟ್ರು ತಲೆಯಾಡಿಸಿದರು, ಗೊತ್ತಾಗಲಿಲ್ಲ ಎಂದು. ಆಗ ಮಜ್ಜಿಗೆಯ ಲೋಟ ಹಿಡಿದು ಒಳಗಿನಿಂದ ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು.

"ಎಡಚ ಅಲ್ವಾ? ನನಗೆ ಗೊತ್ತು. ಎಂಟು ದಿನ ಇಲ್ಲೇ ಜಗಲೀಲಿ ಕೂತು ಕೆಲಸ ಮಾಡಿದ್ರು. ಒಂದು ದಿನಾನೂ ಊಟಕ್ಕೆ ಬರ್ಲಿಲ್ಲ. ಎಷ್ಟು ಕರೆದ್ರೂ ಹಸಿವಿಲ್ಲ ತಾಯಿ ಅಂದ್ಬಿಟ್ರು." ಲೋಟವನ್ನು ಹೊನ್ನಾಚಾರಿಯ ಕೈಗೆ ಕೊಟ್ಟು, ಏನೂ ಕಹಿಯಿಲ್ಲದೆ, ಸುಮ್ಮನೆ ನೆನಪು ಮಾಡಿಕೊಳ್ಳುವವರ ಹಾಗೆ ಹೇಳಿದರು: "ನೀವೊಬ್ರೇ ಎಲೆ ಮುಂದೆ ಕೂತು ಉಂಡ್ರಿ."

ಹೌದು, ಉಂಡಿದ್ದ. ಹುರುಳಿ ಸಾರು, ಮುದ್ದೆ. ಚೆನ್ನಾಗಿತ್ತು. ಎರಡನೆಯ ಸಲ ಸಾರು ಹಾಕಿಸಿಕೊಂಡಿದ್ದ. ಜಗಲಿಯಿಂದ ಮರಳು ಕಾಗದದ ಸದ್ದು ಸರ್ ಸರ್ ಎಂದು ಊಟದ ಉದ್ದಕ್ಕೂ ಕೇಳಿಸುತ್ತಿತ್ತು. ಅದೆಲ್ಲ ಈಗ ಅಂಚು ಸಹಿತ ಕಂಡಿತು. ಹೊನ್ನಾಚಾರಿ ಮಜ್ಜಿಗೆಯನ್ನು ಕುಡಿಯಲೂ ಆಗದೆ ಇಡಲೂ ಆಗದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಕಡೆಗೆ ಕುಡಿದ. ಕುಡಿಯದಿದ್ದರೆ ಅದೊಂದು ನಾಟಕವಾಗುತ್ತಿತ್ತು.

ಮರುದಿನ ದೋಣಿಯೊಳಗೆ ಮೊದಲು ಕಾಲಡಿಯ ಹಲಗೆಯ ಕೆಲಸ ಮುಗಿಸಿದ. ಬೂದು ಬಣ್ಣಕ್ಕೆ ಯಾವ ಕಣ್ಣಾದರೂ ಸಾಕು. ಹಲಗೆಗಳನ್ನು ಬಿಚ್ಚಿ ಹೊರಗೆ ಸಾಲಾಗಿ ಹಾಸಿ, ಬಣ್ಣದ ಮೇಲೆ ಮರಳು ಉದುರಿಸಿದ. ಕುಳ್ಳಯ್ಯ ಜರಡಿ ಹಿಡಿದ. "ಏನಾಚಾರ್ರೇ, ನಿನ್ನೆ ಬರ್ನೇ ಇಲ್ಲ" ಎಂದ. ಹೊನ್ನಾಚಾರಿ ಕಪ್ಪು ಕನ್ನಡಕ ತೆಗೆದು, "ನಂಗೆ ಒಂದ್ ಕಣ್ಣು ಸರಿಗಿಲ್ಲ ಕುಳ್ಳಯ್ಯ. ಬಣ್ಣ ಕಲ್ಸೋಕೆ ಇನ್ನೊಬ್ರನ್ನ ಕೇಳ್ಬೇಕು" ಎಂದ. ಕುಳ್ಳಯ್ಯ ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. "ಕೇಳಿ ಅದಕ್ಕೇನಂತೆ. ನಂಗೂ ಎಡ್ಗಿವಿ ಕೇಳಾಕಿಲ್ಲ. ಆ ಕಡೆ ಕೂತೋರು ಕೂಗಿದ್ರೆ ಈ ಕಡೆಯೋರ್ ಹೇಳ್ತಾರೆ" ಎಂದ.

ಮಧ್ಯಾಹ್ನ, ಶೆಡ್ಡುಗಳಲ್ಲಿ ಊಟಕ್ಕೆ ಬಿಡುವ ಹೊತ್ತಿಗೆ, ದೋಣಿಯ ಒಳಗೆ ಹೋಗಿ ಕೂತು ಹೆಂಡತಿ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದ. ಆ ಕಡೆ ಕಂಪ್ರೆಸರಿನ ಸದ್ದು ಕೇಳುತ್ತಿತ್ತು.

"ಹೇಳ್ದೆ ಕಣ್ಲಾ" ಎಂದ.

ಆ ಸದ್ದಿನ ಮೇಲೆ ದನಿ ಎತ್ತರಿಸಿ ಮುಂದುವರಿಸಿದ:

"ಮೇಷ್ಟ್ರಿಗೆ ಮರ್ತೋಗದೆ. ಬಾಗ್ಲೂ ಮರ್ತೋಗದೆ, ನೀನೂ ಮರ್ತೋಗಿದ್ದೀಯ. ಅವ್ರ ಮನೆ ಅಮ್ಮಂಗೆ ನೆಪ್ಪದೆ. ಎಂಟು ದಿನ ನೀನು ಉಣ್ಲಿಲ್ಲ ಅಂತ ನೆಪ್ಪು ಮಡಿಕ್ಕಂಡವ್ರೆ."

ಯಾರೋ ಕಂಪ್ರೆಸರು ನಿಲ್ಲಿಸಿದರು. ಉಸಿರು ಕೇಳಿಸಿತು. "ನೀವು ಉಂಡಿದ್ದು?"

"ಅದೂ ನೆಪ್ಪದೆ ಅವ್ರಿಗೆ."

ಆ ಕಡೆಯಿಂದ ಒಂದು ಸಣ್ಣ ಸದ್ದು ಬಂತು. ನಗುವೋ, ಬಣ್ಣದ ಹೊಗೆ ಕುಡಿದ ಗಂಟಲಿನ ಕೆಮ್ಮೋ. ಹೊನ್ನಾಚಾರಿ ಕಾದ. ಕ್ಷಮಿಸು ಎಂಬ ಮಾತು ತನ್ನ ಜಾಯಮಾನದಲ್ಲಿಲ್ಲ. ಅದನ್ನು ಹೇಗೆ ಆಡುವುದೆಂದು ಅವನು ಹುಡುಕುತ್ತಿರುವಾಗ ಲಕ್ಷ್ಮಣನೇ ಕೇಳಿದ.

"ದೋಣಿ ಬಾಯಿ ಯಾವ ದಿಕ್ಕಿಗದೆ?"

"ಮೂಡ್ಲಕ್ಕೆ. ನೀರಿನ್ ಕಡೀಕೆ."

"ನೀರ್ ಮೇಲಿನ್ ಬೆಳಕು ಒಳೀಕ್ ಬೀಳ್ತದಾ?"

"ಚಾವಣಿ ತುಂಬ ಆಡ್ತದೆ."

"ಅಂಗಾರೆ ಚಾವಣಿಗೆ ಒಂದ್ ಚೂರು ಹಳದಿ ಜಾಸ್ತಿ ಬೇಕು. ಗೋಡೆಗೆ ಬ್ಯಾಡ. ನೀರಿನ್ ಬೆಳಕು ನೀಲಿ ಮಾಡ್ಬುಡ್ತದೆ." ಆಮೇಲೆ, "ಈಗ ಎಂಗ್ ಕಾಣ್ತದೆ ನೋಡಿ, ಆ ಹಸಿರು ತುಂಡು ಚಾವಣಿಗ್ ಹಿಡೀರಿ" ಎಂದ.

ಹೊನ್ನಾಚಾರಿ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ತುಂಡನ್ನು ಮೇಲೆತ್ತಿ ಹಿಡಿದ. ಬೆಳಕಿನ ಬಲೆ ಅದರ ಮೇಲೆ ಹಾದು ಹೋಯಿತು, ಮತ್ತೆ ಬಂತು. ಒಂದು ಕಣ್ಣು ಮುಚ್ಚಿದ, ತೆರೆದ, ಇನ್ನೊಂದು ಮುಚ್ಚಿದ. ಹಸಿರು ಎದ್ದಿತು, ಮುಳುಗಿತು, ಎದ್ದಿತು. ನಲವತ್ತು ವರ್ಷದಲ್ಲಿ ಒಂದು ದಿನವೂ ಆಡದ ಮಾತು ಗಂಟಲಿನ ತನಕ ಬಂದಾಗ ದೋಣಿ ವಾಲುತ್ತದೇನೋ ಎಂದು ಅವನು ಪಕ್ಕದ ಹಲಗೆಯನ್ನು ಹಿಡಿದುಕೊಂಡ. ದೋಣಿ ದಿಮ್ಮಿಗಳ ಮೇಲೆ ಗಟ್ಟಿಯಾಗಿ ಕೂತಿತ್ತು.

"ನಂಗೆ ಗೊತ್ತಾಯ್ತಾ ಇಲ್ಲ ಕಣ್ಲಾ" ಎಂದ. "ಎಷ್ಟ್ ನೋಡಿದ್ರೂ ಗೊತ್ತಾಯ್ತಾ ಇಲ್ಲ. ನೀನೇ ಬಂದ್ ನೋಡು."

ಬೆಳ್ಳೂರು ಕ್ರಾಸಿನ ರಸ್ತೆಯ ಮೇಲೆ ಒಂದು ಬಸ್ಸು ಹಾರನ್ ಹೊಡೆದು ಹೋದದ್ದು, ಅದರ ಹಿಂದೆ ಇನ್ನೊಂದು, ಈ ಕಡೆ ಕೇಳಿಸಿತು. ಆಮೇಲೆ ಲಕ್ಷ್ಮಣ ಕೇಳಿದ, "ಭಾನ್ವಾರ ಕೆ.ಆರ್. ಪೇಟೆಯಿಂದ ಅಲ್ಲೀಗ್ ಬಸ್ಸು ಎಷ್ಟೊತ್ತಿಗದೆ?"

"ಏಳೂವರೆಗೊಂದು, ಒಂಬತ್ತಕ್ಕೊಂದು" ಎಂದ ಹೊನ್ನಾಚಾರಿ. "ಏಳೂವರೇದು ಹಿಡ್ಕ. ಬಿಸ್ಲೇರೋಕೆ ಮುಂಚೆ ಒಳಗೆ ತಂಪಾಗಿರ್ತದೆ."